ಚಾಕ್‌ಪುಡಿಯ ಮೇಲೊಂದು ಗೆರೆ

ಶಿವನಿ ಸ್ಟೇಷನ್ನಿನಲ್ಲಿ ನೀರು ತುಂಬಿಸಿಕೊಳ್ಳಲು ನಿಲ್ಲುತ್ತಿದ್ದ ಉಗಿ ಎಂಜಿನ್ನಿಗೆ ಒಂದು ವಾಸನೆಯಿತ್ತು. ಕಾದ ಕಬ್ಬಿಣ, ಹಬೆ, ಸುಟ್ಟ ಎಣ್ಣೆ ಎಲ್ಲ ಕಲೆತದ್ದು. ಚಿಕ್ಕಂದಿನಲ್ಲಿ ತಂಗಿ ಕಮಲಾಕ್ಷಿಯ ಕೈ ಹಿಡಿದುಕೊಂಡು ಅದನ್ನು ಮೂಸಲೆಂದೇ ಹೋಗುತ್ತಿದ್ದೆ. ನಿನ್ನೆ ಬುಕ್ಕಾಂಬುಧಿಯ ಕೆರೆಯ ಹತ್ತಿರ ನಮ್ಮ ಹಳೆಯ ಕಾರಿನ ಬಾನೆಟ್ ಎತ್ತಿದಾಗ ಅದೇ ವಾಸನೆ ಮುಖಕ್ಕೆ ಹೊಡೆಯಿತು.

ತರೀಕೆರೆಯಲ್ಲಿ ಡಯಾಲಿಸಿಸ್ ಮುಗಿಸಿ ಬರುತ್ತಿದ್ದೆವು. ಕಮಲಾಕ್ಷಿ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಡಯಾಲಿಸಿಸ್ ಆದ ಮೇಲೆ ಅವಳಿಂದ ಕೂರಲಾಗುವುದಿಲ್ಲ. ಬಸ್ಸಿನಲ್ಲಿ ಒಮ್ಮೆ ಬಿದ್ದಳು. ಬಾಡಿಗೆ ಕಾರಿನವನು, ಅವಳು ವಾಂತಿ ಮಾಡಿಕೊಂಡ ದಿನದಿಂದ ಫೋನ್ ಎತ್ತುವುದಿಲ್ಲ. ಅರವತ್ತೆಂಟರಲ್ಲೂ ನಾನೇ ಓಡಿಸುತ್ತೇನೆ.

ಗಾಬರಿಯಲ್ಲಿ, ಕುದಿಯುತ್ತಿದ್ದ ರೇಡಿಯೇಟರಿಗೆ ಬಾಟಲಿಯ ತಣ್ಣೀರು ಸುರಿದುಬಿಟ್ಟೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು ನಾನು.

ಇವತ್ತು ಶನಿವಾರ. ಅಜ್ಜಂಪುರದ ಮೆಕ್ಯಾನಿಕ್ ಭೈರೇಶ್, ತನ್ನ ಗ್ಯಾರೇಜಿಗೆ ಎಳೆಸಿ ತಂದ ಕಾರಿನ ಎಂಜಿನ್ನಿಗೆ ಮುಚ್ಚಳದಂತಿರುವ ಹೆಡ್ ಬಿಚ್ಚುತ್ತಿದ್ದ. ಮೊದಲು ಎರಡು ತುದಿಗಳ ಬೋಲ್ಟ್, ಆಮೇಲೆ ನಡುವಿನವು, ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ತೆಗೆದ ಬೋಲ್ಟುಗಳನ್ನು ರಟ್ಟಿನಲ್ಲಿ ತೂತು ಮಾಡಿ, ಇದ್ದ ಕ್ರಮದಲ್ಲೇ ಸಿಕ್ಕಿಸಿಟ್ಟ.

"ಬರೀ ಕೆಳಗಿನ ಗ್ಯಾಸ್ಕೆಟ್ ಹೋಗಿದ್ರೆ ನಾಳೆ ಸಂಜೆಗೆ ಗಾಡಿ ರೆಡಿ ಅಮ್ಮಾ. ಹೆಡ್ಡೇ ಬಿರುಕು ಬಿಟ್ಟಿದ್ರೆ ಕಷ್ಟ, ಈ ಮಾಡೆಲ್‌ದು ಈಗ ಬರಲ್ಲ."

"ಸೋಮವಾರ ಬೆಳಿಗ್ಗೆ ಡಯಾಲಿಸಿಸ್‌ಗೆ ಹೊರಡಲೇಬೇಕಪ್ಪ."

ಪಂಕ್ಚರ್ ಹಾಕಿಸಲು ಬಂದಿದ್ದ ದೇವೀರಪ್ಪ ಇಣುಕಿದ. "ಎರಡು ಲಕ್ಷದ ತೊಂಬತ್ತು ಸಾವಿರ ಕಿಲೋಮೀಟರ್ರಾ! ಗುಜರಿಗೆ ಹಾಕಿ ಮೇಡಂ, ಒಂದು ಬಕೀಟಾದ್ರೂ ಕೊಡ್ತಾನೆ."

"ಸುಮ್ನಿರೋ ಮಾರಾಯ. ನಿನ್ನ ಸ್ಕೂಟರ್ ಒದ್ದೂ ಒದ್ದೂ ನನ್ನ ಮಂಡಿ ಸವೆದೋಗೈತೆ," ಎಂದ ಭೈರೇಶ್.

ಹೆಡ್ ಮೇಲೆದ್ದಿತು. ನೀರು ಹರಿಯುವ ತೂತುಗಳಲ್ಲಿ ಸ್ನಾನದ ಹಂಡೆಯೊಳಗಿನಂಥ ಬಿಳಿ ಗಸಿ ಕಟ್ಟಿತ್ತು. ರೇಡಿಯೇಟರಿಗೆ ನೀರಿನ ಬದಲು ಕೂಲಂಟ್ ಹಾಕಿ ಎಂದು ಅವನು ಹೇಳಿದ್ದ. ನಾನು ಆರು ವರ್ಷ ಬೋರ್‌ವೆಲ್ ನೀರನ್ನೇ ಹುಯ್ದಿದ್ದೆ. ದಿನವೂ ಬೆಳಿಗ್ಗೆ, ಮರೆಯದೆ, ಗಿಡಕ್ಕೆ ಹುಯ್ದ ಹಾಗೆ.

ಭೈರೇಶ್ ಆ ಗಸಿಯನ್ನು ನೋಡಿದ. ಹೆಡ್ಡಿನ ತಳಕ್ಕೆ ಡೀಸೆಲ್ ಸವರಿ, ಚೆನ್ನಾಗಿ ಒರೆಸಿ, ಚಾಕ್‌ಪೀಸ್ ಪುಡಿ ಉದುರಿಸಿದ. "ಬಿರುಕಿದ್ರೆ ಒಳಗೆ ಹೋದ ಡೀಸೆಲ್ಲು ಪುಡೀಲಿ ಕಾಣುತ್ತೆ."

ಮೂವರೂ ಬಗ್ಗಿ ನೋಡಿದೆವು. ಬಿಳಿಯ ಪುಡಿ ಬಿಳಿಯಾಗಿಯೇ ಇತ್ತು. ಉಸಿರು ಬಿಟ್ಟೆ. ಆಗ ಎರಡು ವಾಲ್ವುಗಳ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಮೆಲ್ಲಗೆ ಮೂಡಿತು.

ದೇವೀರಪ್ಪ ತಮಾಷೆ ಬಿಟ್ಟು ಸ್ಟೂಲನ್ನು ನನ್ನ ಕಡೆ ತಳ್ಳಿದ.

"ನಾನು ತಣ್ಣೀರು ಹಾಕಿದ್ದಕ್ಕಾ ಭೈರೇಶ್?"

"ಛೇ, ಇಲ್ಲಮ್ಮಾ. ಹಳೇದು ಇದು, ಯಾವಾಗ್ಲೋ ಬಿಟ್ಟಿರೋದು." ನನ್ನ ಮುಖ ನೋಡದೆ ಹೇಳಿದ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಮನೆಯಿಂದ ಕಮಲಾಕ್ಷಿಯ ಫೋನ್. "ಏನಂತಕ್ಕ?"

"ನೋಡ್ತಿದಾರೆ ಕಣೇ."

"ಆಗ್ದಿದ್ರೆ ಬಿಡು. ಒಂದ್ಸಲ ತಪ್ಪಿದ್ರೆ ಏನಾಗೋಯ್ತದೆ?"

ಏನಾಗುತ್ತದೆಂದು ಅವಳಿಗೂ ಗೊತ್ತು. ಕಳೆದ ಶ್ರಾವಣದಲ್ಲಿ ಒಂದು ಸಲ ತಪ್ಪಿ ಶ್ವಾಸಕೋಶಕ್ಕೆ ನೀರು ತುಂಬಿತ್ತು. ಮಲಗಲಾಗದೆ, ಕಿಟಕಿಯ ಸರಳು ಹಿಡಿದು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದಳು. ಫೋನ್ ಇಟ್ಟು ಸ್ಟೂಲಿನ ಮೇಲೆ ಕೂತೆ.

ಭೈರೇಶ್ ಆಚೆ ನಿಂತು ಎರಡು ಮೂರು ಕಡೆ ಮಾತಾಡಿ ಬಂದ. "ಕಡೂರಲ್ಲಿ ಗುಜರಿಯವನ ಹತ್ರ ಇದೇ ಮಾಡೆಲ್ ಒಂದು ಬಿದ್ದೈತಂತೆ. ಹೆಡ್ ನೆಟ್ಟಗಿದ್ರೆ ಬಿಚ್ಕೊಂಡ್ ಬತ್ತೀನಿ. ಇಲ್ಲಾಂದ್ರೆ..."

ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿ ಬೈಕಿಗೆ ಕಟ್ಟಿದ. ಗಂಟೆ ಎರಡಾಗಿತ್ತು. ಸೋಪು ಹಚ್ಚಿ ಕೈ ತೊಳೆದು, ಮೊಳೆಗೆ ತೂಗುಹಾಕಿದ್ದ ತನ್ನ ಊಟದ ಡಬ್ಬಿಯನ್ನು ತಂದು, ಮುಚ್ಚಳ ತೆಗೆದು ನನ್ನ ಮಡಿಲಲ್ಲಿಟ್ಟ.