ರಾಜ್ಯದ ಮಾನಕ್ಕೊಂದು ಹೆಬ್ಬೆಟ್ಟು

"ಕೈ ಹಾಕ್ಬೇಡ ಬೇವರ್ಸಿ! ಕಾಲಲ್ಲಿ ಒದ್ದು ಕಳಿಸು! ಆ ಚೆಂಡನ್ನು ಮತ್ತೆ ನಾವು ಮುಟ್ಟುದು ಬೇಡ್ವಾ?"

ಬೈದವನು ಕಾಲೇಜಿನ ಹುಡುಗ. ಬೈಸಿಕೊಂಡವನು ನನ್ನ ಗಂಡ ಮಾಯಿಲಪ್ಪ. ಗಂಡನ ಹೆಸರು ಹೇಳಬಾರದು ಅಂತ ನಮ್ಮಲ್ಲೂ ಉಂಟು. ಆದರೆ ಅವನ ಹೆಸರನ್ನೇ ದೊಡ್ಡವರು ಕಿತ್ತುಕೊಂಡ ಮೇಲೆ ನಾನೂ ಹೇಳದಿದ್ದರೆ ಇನ್ನು ಯಾರು ಹೇಳುವುದು? ನನ್ನ ಹೆಸರು ದುಗ್ಗಮ್ಮ. ನನ್ನ ಗಂಡ ಮಾಯಿಲಪ್ಪ. ಬರೆದುಕೊಳ್ಳುವವರು ಬರೆದುಕೊಳ್ಳಲಿ.

ಪುತ್ತೂರು ಪೇಟೆಯಿಂದ ಆಚೆ ಗುಡ್ಡೆ ಕಡಿದು ಕೋಟಿಯಪ್ಪ ಸ್ಮಾರಕ ಕಾಲೇಜು ಕಟ್ಟಿದ್ದರು. ಕೋಟಿಯಪ್ಪ ಅಂದರೆ ಸರ್ವೋತ್ತಮ ಧಣಿಯ ತೀರಿಹೋದ ಅಪ್ಪ. ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದು ಆಗ ಆರು ವರ್ಷ. ಕಾಲೇಜಿಗೆ ಆಟದ ಬಯಲು ಮಾಡುವ ಕೆಲಸಕ್ಕೆ ಧಣಿ ತನ್ನ ಗದ್ದೆಯ ಆಳುಗಳನ್ನೇ ಹಚ್ಚಿದ್ದರು. ಗಂಡಸರು ಅಗೆಯುವುದು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊರುವುದು. ಅರ್ಧ ಬಯಲು ಸಮ ಆದದ್ದೇ ತಡ, ಹುಡುಗರು ಅಲ್ಲಿ ಫುಟ್‌ಬಾಲ್ ಆಡಲು ಇಳಿದರು. ಚೆಂಡು ನಮ್ಮ ಕಡೆ ಉರುಳಿ ಬಂದರೆ ಕೈಯಲ್ಲಿ ಎತ್ತಿ ಕೊಡುವ ಹಾಗಿಲ್ಲ, ಮೈಲಿಗೆ. ಕಾಲಿನಿಂದ ಒದ್ದು ಕಳಿಸಬಹುದು. ಕಾಲಿಗೆ ಮೈಲಿಗೆ ಇಲ್ಲವಂತೆ! ಈ ಶಾಸ್ತ್ರ ಯಾವ ತಾಳೆಗರಿಯಲ್ಲಿ ಉಂಟೋ ನಾನರಿಯೆ. ಬರೆದವನ ತಲೆ ಮೇಲೆ ನನ್ನ ಮಣ್ಣಿನ ಬುಟ್ಟಿ ಮಗುಚಲಿ.

ಹೀಗೆ ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಾಯಿಲಪ್ಪ ದಿನಕ್ಕೆ ನಲವತ್ತು ಸಲ ಚೆಂಡು ಒದ್ದು ಕಳಿಸಿದ. ಮೊದಮೊದಲು ಎಲ್ಲೆಲ್ಲೋ ಹೋಗುತ್ತಿತ್ತು, ಬೈಗಳು ಬೀಳುತ್ತಿತ್ತು. ಆಮೇಲೆ ಯಾರು ಕೈ ಎತ್ತಿದರೋ ಅವರ ಕಾಲ ಬುಡಕ್ಕೇ ಹೋಗಿ ನಿಲ್ಲತೊಡಗಿತು. ಊಟದ ಹೊತ್ತಿಗೆ ಗಂಜಿ ಬಿಟ್ಟು ಒಂದು ಗೇರುಬೀಜವನ್ನು ಕಾಲಲ್ಲಿ ಆಡಿಸುತ್ತಾ ಕೂರುತ್ತಿದ್ದ. "ನಿಮ್ಗೆಂತ ಮರ್ಲು ಹಿಡಿದಿದ್ಯಾ?" ಅಂತ ನಾನು ಕೇಳಿದರೆ ನಗುತ್ತಿದ್ದ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವನು ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ.

ಕಾಲೇಜಿನಲ್ಲಿ ಆಟ ಕಲಿಸುವ ಚೆನ್ನಕೇಶವ ಮಾಸ್ಟ್ರು ಇದನ್ನು ನೋಡಿದರು. ಒಂದು ದಿನ ಮೂರು ಹುಡುಗರನ್ನು ಎದುರು ನಿಲ್ಲಿಸಿ, "ಇವರನ್ನು ತಪ್ಪಿಸಿ ಚೆಂಡು ತಕ್ಕೊಂಡು ಹೋಗು ನೋಡುವ" ಅಂದರು. ಮಾಯಿಲಪ್ಪ ಹೋದ. ಒಬ್ಬ ಹುಡುಗ ಮುಗ್ಗರಿಸಿ ಬಿದ್ದ. ಮಾಸ್ಟ್ರು ಸೀದಾ ಧಣಿಯ ಮನೆ ಕಡೆ ನಡೆದರು.

ಸಂಜೆ ಧಣಿ ನಮ್ಮ ಗುಡಿಸಲಿಗೆ ಬಂದರು. ಗುಡಿಸಲಿಗೆ ಅಂದರೆ ಅಂಗಳದ ಕೆಳಗೆ, ದಾರಿಯಲ್ಲೇ ನಿಂತರು. ಕಾಲೇಜಿನ ಹಿಂದಿನ ಗುಡ್ಡೆಯ ಬದಿಯಲ್ಲಿ, ಸರಕಾರಿ ಜಾಗದಲ್ಲಿ ನಮ್ಮ ಗುಡಿಸಲು. ಪಕ್ಕದಲ್ಲಿ ನಮ್ಮದೇ ಬಾವಿ. ಊರವರ ಬಾವಿಕಟ್ಟೆಯ ಹತ್ತಿರ ನಮ್ಮನ್ನು ಬಿಡುವುದಿಲ್ಲ. ಯಾರಾದರೂ ಮನಸ್ಸು ಬಂದು ಕೊಡಕ್ಕೆ ನೀರು ಸುರಿಯುವವರೆಗೆ ದೂರದಲ್ಲಿ ಬಾಯಿ ಒಣಗಿಸಿಕೊಂಡು ನಿಲ್ಲಬೇಕು. ಅದಕ್ಕೇ ನಾವಿಬ್ಬರೂ ಮೂರು ಬೇಸಗೆ ಕಲ್ಲು ಒಡೆದು ಆ ಬಾವಿ ತೋಡಿದ್ದು. ಜಾಗವನ್ನು ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಸರಕಾರಕ್ಕೆ ದರ್ಖಾಸ್ತು ಕೊಟ್ಟಿದ್ದೆವು.

"ನಿನ್ನ ದರ್ಖಾಸ್ತು ಕೊಟ್ಟು ಎಷ್ಟು ವರ್ಷ ಆಯ್ತಾ?" ಧಣಿ ಕೇಳಿದರು.

"ಒಂಬತ್ತು ವರ್ಷ ಆಯ್ತು ಧಣಿ."

"ಒಂಬತ್ತು ದಿವ್ಸದಲ್ಲಿ ಪಟ್ಟಾ ಮಾಡಿಸ್ತೇನೆ. ಮುಂದಿನ ವಾರ ಕೇರಳದ ಕಾಲೇಜಿನವರು ಆಡ್ಲಿಕ್ಕೆ ಬರ್ತಾರೆ. ನನ್ನ ಮಗ ಪ್ರೇಮನಾಥನ ಹೆಸರಲ್ಲಿ ನೀನು ಆಡುದು. ಅವನಿಗೆ ಪೊಲೀಸ್ ಇನ್ಸ್‌ಪೆಕ್ಟರ್ ಕೆಲ್ಸಕ್ಕೆ ಬೆಂಗ್ಳೂರಲ್ಲಿ ಮಾತಾಡಿ ಆಗಿದೆ. ಆಟದಲ್ಲಿ ಗೆದ್ದ ಸರ್ಟಿಫಿಕೇಟ್ ಒಂದು ಬೇಕು."

ಮಾಯಿಲಪ್ಪ ತಲೆ ಕೆರೆದುಕೊಂಡ. "ಆಡುದು ನಾನು. ಸರ್ಟಿಫಿಕೇಟ್ ಅವರಿಗೆ ಹೇಗೆ ಧಣಿ ಸಿಗುದು?"

"ಗದ್ದೆ ಉಳುದು ನೀನು. ಅಕ್ಕಿ ನಮಗೆ ಸಿಗುದಿಲ್ವಾ? ಹಾಗೆಯೇ."

ನನಗೆ ತಡೆಯಲಿಲ್ಲ. ಒಳಗಿನಿಂದಲೇ ಹೇಳಿದೆ: "ಪಟ್ಟಾ ಮೊದಲು ಕೊಡಿ ಧಣಿ. ಆಟ ಮತ್ತೆ."

"ಎಂತ ಮಾರಾಯ, ನಿನ್ನ ರಂಡೆಯ ನಾಲಗೆ ಇಷ್ಟು ಉದ್ದ! ಕತ್ತಿ ಇಲ್ವಾ ಮನೆಯಲ್ಲಿ?"

"ತಪ್ಪಾಯ್ತು ಧಣಿ. ಆಡ್ತೇನೆ ಧಣಿ," ಅಂದ ಮಾಯಿಲಪ್ಪ.

ಅವತ್ತು ಅವನೊಡನೆ ನಾನು ಮಾತಾಡಲಿಲ್ಲ. ಆದರೆ ಸುಳ್ಳು ಯಾಕೆ ಹೇಳಲಿ, ಪಟ್ಟಾ ಅಂದಾಗ ನನಗೂ ಆಸೆ ಹುಟ್ಟಿತ್ತು. ಮಣ್ಣಿನ ಗೋಡೆ ತೆಗೆದು ಕಲ್ಲಿನದ್ದು ಕಟ್ಟಬಹುದು ಅಂತ ಬೆಳಗಾಗುವುದರೊಳಗೆ ಲೆಕ್ಕ ಹಾಕಿಯೂ ಆಗಿತ್ತು.

ಒಂದು ವಾರ ಮಾಸ್ಟ್ರು ಅವನಿಗೆ ಪ್ರೇಮನಾಥನಾಗುವುದನ್ನು ಕಲಿಸಿದರು. ಪ್ರೇಮನಾಥ ಅಂತ ಕರೆದರೆ ತಿರುಗಬೇಕು. ಚಡ್ಡಿ ಹೀಗೆ ಹಾಕಬೇಕು, ತಲೆ ಹೀಗೆ ಬಾಚಬೇಕು, ಎದೆ ಎತ್ತಿ ನಡೆಯಬೇಕು, ಬಾಯಿ ಮಾತ್ರ ತೆರೆಯಬಾರದು. ನಿಜವಾದ ಪ್ರೇಮನಾಥನನ್ನು ಸವಣೂರಿನ ಮಾವನ ಮನೆಗೆ ಅಟ್ಟಿದ್ದರು. ಎಲ್ಲ ಕಲಿಸಿದರು, ಪುಣ್ಯಾತ್ಮರು! ಆದರೆ ಒಬ್ಬರು ಕೈ ಚಾಚಿದರೆ ಆ ಕೈ ಹಿಡಿಯಬೇಕು ಅಂತ ಮಾತ್ರ ಕಲಿಸಲಿಲ್ಲ. ಅದನ್ನೂ ಒಬ್ಬ ಮನುಷ್ಯನಿಗೆ ಕಲಿಸಬೇಕಾದೀತು ಅಂತ ಅವರ ಬುದ್ಧಿಗೆ ಹೊಳೆಯಲೇ ಇಲ್ಲ.

ಆಟದ ದಿನ ನಾವು ಹೆಂಗಸರು ಬೇಲಿಯ ಹೊರಗೆ, ಅಗೆದು ಹಾಕಿದ ಮಣ್ಣಿನ ದಿಬ್ಬ ಹತ್ತಿ ನಿಂತಿದ್ದೆವು. ಪೆಂಡಾಲಿನಲ್ಲಿ ಸರ್ವೋತ್ತಮ ಧಣಿ, ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ಖಾದಿ ಟೋಪಿಯವರು. ಧಣಿಗೆ ಚುನಾವಣೆಯ ಟಿಕೆಟ್ ಕೊಡುವವರು ಅವರೇ ಅಂತೆ. ಮಾಯಿಲಪ್ಪನಿಗೆ ಬೂಟು ಹಾಕಿದರೆ ನಡೆಯಲು ಬರುವುದಿಲ್ಲ, ಬರಿಗಾಲಲ್ಲೇ ಇಳಿದ. ಅಯ್ಯೋ, ಅವನ ಓಟವೇ! ಮೊದಲನೇ ಗೋಲು ಹೊಡೆದಾಗ ಖಾದಿ ಟೋಪಿಯವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಎರಡನೆಯದಕ್ಕೆ ಇಡೀ ಬಯಲು "ಪ್ರೇಮನಾಥ! ಪ್ರೇಮನಾಥ!" ಅಂತ ಕೂಗಿತು. ನಾನೂ ಕೂಗಿದೆ. ನನ್ನ ಗಂಡನಿಗೆ ನಾನೇ ಪ್ರೇಮನಾಥ ಅಂತ ಕೂಗಿದೆ, ನೋಡಿ.

ಆಟ ಮುಗಿಯಲು ಸ್ವಲ್ಪವೇ ಹೊತ್ತು ಇತ್ತು. ಕೇರಳದ ಕಡೆಯ ಹುಡುಗನೊಬ್ಬ ಚೆಂಡಿಗೆ ಅಡ್ಡ ಬಂದು ಮಾಯಿಲಪ್ಪನ ಮೈಗೆ ಬಡಿದು ಅಂಗಾತ ಬಿದ್ದ. ಹೆಸರು ಮಹಾಗಣಪತಿ, ಭಟ್ಟರ ಹುಡುಗ. ಅಂಗಿ ಹರಿದು ಹೆಗಲ ಜನಿವಾರ ಹೊರಗೆ ಬಂದಿತ್ತು. ಪಾಪ, ಒಳ್ಳೆಯ ಹುಡುಗನೇ. ಬಿದ್ದಲ್ಲಿಂದಲೇ ನಗುತ್ತಾ, ಎಬ್ಬಿಸು ಅಂತ ಕೈ ಚಾಚಿದ.

ಮಾಯಿಲಪ್ಪ ಆ ಕೈ ನೋಡಿದ. ಜನಿವಾರ ನೋಡಿದ. ನಾಲ್ಕು ಹೆಜ್ಜೆ ಹಿಂದೆ ಹಾರಿ, ಸೊಂಟ ಬಗ್ಗಿಸಿ, ಎರಡೂ ಕೈ ಮುಗಿದು ನಿಂತುಬಿಟ್ಟ.

"ತಪ್ಪಾಯ್ತು ಒಡೆಯಾ! ಮುಟ್ಟಿ ಹೋಯ್ತು! ಗೊತ್ತಾಗ್ಲಿಲ್ಲ ಒಡೆಯಾ, ಮೀಯಿರಿ ಒಡೆಯಾ!"

ಆ ಹುಡುಗ ಚಾಚಿದ ಕೈಯನ್ನು ಹಾಗೆಯೇ ಹಿಡಿದುಕೊಂಡು ಬಿದ್ದಿದ್ದ. ಧಣಿಯ ಮಗ ಭಟ್ಟರ ಹುಡುಗನಿಗೆ ನಮಸ್ಕಾರ ಮಾಡಿಯಾನು, ಮೈಲಿಗೆ ಹೋಗಲು ಮೀಯಿರಿ ಅಂತ ಹೇಳಿಯಾನೇ? ಕೇರಳದವರ ಮಾಸ್ಟ್ರು ಓಡಿ ಬಂದು ಮಾಯಿಲಪ್ಪನ ಗಲ್ಲ ಎತ್ತಿ, "ನಿಜ ಹೇಳು, ನೀನು ಯಾರು?" ಅಂತ ಕೇಳಿದರು. ಮಾಯಿಲಪ್ಪ ಪೆಂಡಾಲಿನ ಕಡೆ ನೋಡಿದ. ಆಮೇಲೆ ಅಳತೊಡಗಿದ.

ನಾಲ್ಕೇ ದಿನದಲ್ಲಿ ಪೇಪರಿನಲ್ಲಿ ಬಂತು. ಹೋಟೆಲಿನಲ್ಲಿ ಓದುವುದನ್ನು ರಸ್ತೆಯಲ್ಲಿ ನಿಂತು ಕೇಳಿದೆ. ಮೈಸೂರು ರಾಜ್ಯದಲ್ಲಿ ಮಂತ್ರಿಗಳ ಕುರ್ಚಿಯಿಂದ ಫುಟ್‌ಬಾಲಿನ ತನಕ ಎಲ್ಲವೂ ಖೋಟಾ, ಕಾಲೇಜು ಹುಡುಗರಿಗೂ ಅದನ್ನೇ ಕಲಿಸುತ್ತಾರೆ ಅಂತ ಕೇರಳದವರು ಬರೆದಿದ್ದರಂತೆ. ಬೆಂಗಳೂರಿನಿಂದ ವಿಚಾರಣೆಗೆ ಮೂರು ಜನ ಬರುತ್ತಾರೆ ಅಂತಲೂ ಸುದ್ದಿಯಾಯಿತು. ಹೋಟೆಲಿನವರು ಚಾ ಕುಡಿಯುತ್ತಾ ನಕ್ಕರು. ಯಾವ ರಾಜ್ಯದ ಹೆಸರು ಕೆಟ್ಟರೆ ನನಗೇನು? ನನಗೆ ಬಾವಿಯದ್ದೇ ಚಿಂತೆ.

ಧಣಿ ಮತ್ತೆ ಬಂದರು. ಈ ಸಲ ಅಂಗಳಕ್ಕೇ ಹತ್ತಿದರು, ಚೆನ್ನಕೇಶವ ಮಾಸ್ಟ್ರೂ ಜೊತೆಗಿದ್ದರು.

"ಸೂಳೆಮಗನೇ, ಅವ ಕೈ ಕೊಟ್ರೆ ಹಿಡಿಯುದಲ್ವಾ? ಕೈ ಎಂತ ಹಾವಾ?"

"ಧಣಿ, ಭಟ್ಟರು ಅವರು... ನಾನು ಹೇಗೆ..."

"ಮುಚ್ಚು ಬಾಯಿ. ಕೇಳು. ಈಗ ಇದು ಬರೇ ನನ್ನ ಮನೆಯ ವಿಷಯ ಅಲ್ಲ, ರಾಜ್ಯದ ಮಾನದ ಪ್ರಶ್ನೆ. ಬೆಂಗ್ಳೂರಿಂದ ಹೇಳಿ ಕಳಿಸಿದ್ದಾರೆ. ರಾಜ್ಯದ ಮಾನ ನಿನ್ನ ಕೈಯಲ್ಲಿ ಉಂಟು. ಬರೆದ ಕಾಗದಕ್ಕೆ ನೀನೊಂದು ಹೆಬ್ಬೆಟ್ಟು ಒತ್ತಿದ್ರೆ ಪಟ್ಟಾ ನಿನ್ನದು. ಒತ್ತದಿದ್ರೆ ನಾಳೆಯೇ ಈ ಗುಡಿಸಲು ಕಿತ್ತು ಹಾಕಿಸ್ತೇನೆ."

ಮಾಸ್ಟ್ರು ನೆಲ ನೋಡುತ್ತಿದ್ದರು. ನಾನು ಅವರನ್ನೇ ಕೇಳಿದೆ: "ಮಾಸ್ಟ್ರೆ, ನೀವು ದೇವರ ಹಾಗೆ ವಿದ್ಯೆ ಹೇಳುವವರು. ಆ ಕಾಗದದಲ್ಲಿ ಎಂತ ಉಂಟು, ಒಮ್ಮೆ ಓದಿ ಹೇಳಿ."

"ಒಳ್ಳೆದೇ ಉಂಟು ದುಗ್ಗು," ಅಂದರು. ನನ್ನ ಮುಖ ನೋಡಲಿಲ್ಲ.

ಕಾಲೇಜಿನ ಆಫೀಸಿನಲ್ಲಿ ವಿಚಾರಣೆ ನಡೆಯಿತು. ನಾನು ಕಿಟಕಿಯ ಹೊರಗೆ ಗೋಡೆಗೆ ಕಿವಿ ಕೊಟ್ಟು ನಿಂತಿದ್ದೆ. ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಒಬ್ಬರು ಗಟ್ಟಿಯಾಗಿ ಓದಿದರು. "ಮಾಯಿಲಪ್ಪನೆಂಬ ನಾನು ಕಾಲೇಜಿನ ವಿದ್ಯಾರ್ಥಿಯಾದ ಪ್ರೇಮನಾಥರ ಅಂಗಿಯನ್ನು ಕದ್ದು, ಅವರ ಹೆಸರನ್ನು ಹೇಳಿಕೊಂಡು, ಕಾಲೇಜಿನವರಿಗೂ ಅತಿಥಿಗಳಿಗೂ ಮೋಸ ಮಾಡಿ..." ಮುಂದಿನದ್ದು ನನಗೆ ಕೇಳಿಸಲಿಲ್ಲ. ಒಳಗೆ ಒಬ್ಬರು, "ಧಣಿಗಳೇ, ನಿಮ್ಮಂಥವರಿಗೂ ಇಂಥವರ ಕಾಟ ಉಂಟಲ್ಲ!" ಅಂದರು. ಎಳನೀರು ತರಿಸಿದರು.

ಆಮೇಲಿನದ್ದು ಬೇಗ ಬೇಗ ಆಯಿತು. ರಾಜ್ಯದ ಮಾನ ಉಳಿಯಿತು ಅಂತ ಪೇಪರಿನಲ್ಲಿ ಬಂತು. ಧಣಿಗೆ ಟಿಕೆಟ್ ಆಯಿತು. ಆಟ ಗೆದ್ದದ್ದು ನಮ್ಮ ಕಾಲೇಜೇ ಅಂತಾಯಿತು, ಆಟದವರ ಪಟ್ಟಿಯಲ್ಲಿ ಹೆಸರಿದ್ದದ್ದರಿಂದ ಸರ್ಟಿಫಿಕೇಟ್ ಪ್ರೇಮನಾಥನಿಗೇ ಸಿಕ್ಕಿತು. ಅವನು ಪೊಲೀಸ್ ಟ್ರೈನಿಂಗಿಗೆ ಹೋದ. ಮಾಯಿಲಪ್ಪನನ್ನು ಠಾಣೆಗೆ ಕರೆದುಕೊಂಡು ಹೋಗಿ ಮೂರು ದಿನ ಇಟ್ಟು, ಅಂಗಿ ಕಳ್ಳ ಅಂತ ಹೊಡೆದು ಕಳಿಸಿದರು. ಚೆಂಡು ಒದೆಯುವ ಎಡಗಾಲಿನ ಪಾದಕ್ಕೇ ಹೊಡೆದಿದ್ದರು. ನಾನು ಎಣ್ಣೆ ಹಚ್ಚುವಾಗ ಅವನು, "ಪಟ್ಟಾ ಒಂದು ಬರ್ಲಿ ದುಗ್ಗು. ಮತ್ತೆ ನಾವು ಯಾರ ಗೊಡವೆಗೂ ಹೋಗುದು ಬೇಡ," ಅನ್ನುತ್ತಿದ್ದ. ಬಯ್ಯಬೇಕೆಂದು ಬಾಯಿ ತೆರೆದೆ. ಅವನ ಮುಖ ಕಂಡು ಆಗಲಿಲ್ಲ.

ಮಳೆ ಬಿಟ್ಟ ಮೇಲೆ ತಾಲೂಕು ಕಚೇರಿಯ ಕರೆ ಮುಟ್ಟಿಸುವ ಉಗ್ರಾಣಿ ಬಂದು ಕರೆದ. ಮಾಯಿಲಪ್ಪ ಮಿಂದು, ಒಗೆದ ಮುಂಡು ಉಟ್ಟು, ಕುಂಟುತ್ತಾ ನನ್ನ ಮುಂದೆ ಮುಂದೆಯೇ ನಡೆದ. ಕಚೇರಿಯ ಜಗಲಿಯ ಕೆಳಗೆ ನಿಂತೆವು. ಗುಮಾಸ್ತ ಮೇಲಿನಿಂದ ಓದಿದ.

"ಅರ್ಜಿದಾರನು ತಾನು ಮೋಸಗಾರನೆಂದು ಸ್ವಂತ ಹೆಬ್ಬೆಟ್ಟಿನಿಂದ ಒಪ್ಪಿಕೊಂಡಿರುವುದರಿಂದ ಇವನ ದರ್ಖಾಸ್ತನ್ನು ವಜಾ ಮಾಡಲಾಗಿದೆ. ಸದರಿ ಜಾಗವನ್ನು ಕೋಟಿಯಪ್ಪ ಸ್ಮಾರಕ ಕಾಲೇಜಿನ ಹಾಸ್ಟೆಲಿಗೆ ಮಂಜೂರು ಮಾಡಿದೆ. ಎಂಟು ದಿವಸಗಳೊಳಗೆ ಜಾಗ ಬಿಡತಕ್ಕದ್ದು."

ಮಾಯಿಲಪ್ಪನಿಗೆ ಅರ್ಥವಾಗಲಿಲ್ಲ. "ಅಂದ್ರೆ ಪಟ್ಟಾ ಆಯ್ತಾ ಸ್ವಾಮಿ?" ಅಂತ ಕೇಳಿದ.

ಗುಮಾಸ್ತ ನಕ್ಕ. ನಾನು ಕೇಳಿದೆ: "ಬಾವಿ? ನಾವು ತೋಡಿದ ಬಾವಿ?"

"ಬಾವಿ ಹಾಸ್ಟೆಲಿಗೆ ಬೇಕಾಗ್ತದೆ."

"ಆ ನೀರು ಅವರಿಗೆ ಮೈಲಿಗೆ ಆಗುದಿಲ್ವಾ?"

"ಭಟ್ಟರನ್ನು ಕರೆಸಿ ಶುದ್ಧ ಮಾಡಿಸ್ತಾರೆ. ನಿನಗೆಂತ ಅದೆಲ್ಲ? ತಿಳುವಳಿಕೆ ಆಯ್ತು ಅಂತ ಇದಕ್ಕೆ ಹೆಬ್ಬೆಟ್ಟು ಒತ್ತಿಸು, ಹೋಗು."

ಶಾಯಿಯ ಡಬ್ಬಿಯನ್ನೂ ಕಾಗದವನ್ನೂ ಜಗಲಿಯ ಅಂಚಿಗೆ ತಳ್ಳಿದ. ಮಾಯಿಲಪ್ಪ ಹೆಬ್ಬೆಟ್ಟು ಮುಂದೆ ಮಾಡಿದ. ಯಾರು ಒತ್ತು ಅಂದರೂ ಒತ್ತುವವನು ಅವನು. ನಾನು ಹಾರಿ ಅವನ ಹೆಬ್ಬೆಟ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಬಿಡೇ, ಬೋಸುಡಿ! ಸರಕಾರಿ ಕೆಲ್ಸಕ್ಕೆ ಅಡ್ಡಿ ಮಾಡ್ತೀಯಾ?" ಗುಮಾಸ್ತ ಎದ್ದು ನಿಂತ. "ಯಾರಲ್ಲಿ? ಪೊಲೀಸರನ್ನು ಕರೀರಿ!"

ನಾನು ಬಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದೆ. ಹೊರಗೆ ಜನ ಸೇರತೊಡಗಿದರು. ಉಗ್ರಾಣಿ ರಸ್ತೆ ದಾಟಿ ಠಾಣೆಯ ಕಡೆ ಓಡುವುದು ಕಾಣುತ್ತಿತ್ತು.

ಮಾಯಿಲಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ, ಯಾರಿಗೂ ಕೇಳದ ಹಾಗೆ ಬೇಡಿಕೊಂಡ: "ಬಿಡು ದುಗ್ಗು. ನಿನ್ನನ್ನೂ ಹೊಡೀತಾರೆ. ಒತ್ತಿ ಮನೆಗೆ ಹೋಗುವ."

"ಯಾವ ಮನೆಗೆ?" ಅಂತ ಕೇಳಿದೆ.

ಅವನು ಠಾಣೆಯ ಕಡೆ ನೋಡಿದ. ನಾನು ಅವನ ಹೆಬ್ಬೆಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದೆ.