ಅಳದ ಕೂಸು

‘ಮಗು ಸರಿಯಾಗಿ ಹಾಲು ಕುಡಿಯುತ್ತಿದೆಯಾ?’

ಫೋನಿನಲ್ಲಿ ಹೆಂಗಸೊಬ್ಬಳು ತೆಲುಗಿನಲ್ಲಿ ಕೇಳಿದಳು. ಚೇತನಕುಮಾರ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ. ಜೀಡಿಮೆಟ್ಲಾದ ಔಷಧ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಯಂತ್ರಗಳು ಗುಂಯ್‌ಗುಡುತ್ತಿದ್ದವು.

‘ಕುಡಿಯುತ್ತಾಳೆ. ಯಾಕೆ?’

‘ಹೆರಿಗೆಯಾದಾಗ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದಿದ್ದೆವಲ್ಲ, ಅದರಲ್ಲಿ ಒಂದು ಅಂಶ ಹೆಚ್ಚು ಬಂದಿದೆ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ.’

‘ಎಷ್ಟು ಹೆಚ್ಚು?’

‘ಡಾಕ್ಟರು ಹೇಳುತ್ತಾರೆ. ಗಾಬರಿಯಾಗಬೇಡಿ ಸರ್.’

ಅಲ್ಲಿಯವರೆಗೆ ಅವನಿಗೆ ಗಾಬರಿಯಾಗಿರಲಿಲ್ಲ. ಮಿತಿ ಮೀರಿದ ಅಂಶಗಳು ಅವನಿಗೆ ಹೊಸವಲ್ಲ. ಅಂಥ ಮಾತ್ರೆಗಳ ಪೀಪಾಯಿಗೆ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ಸರಿಸುವುದೇ ಅವನ ನೌಕರಿ. ಆಮೇಲೆ ಅವು ಎಲ್ಲಿಗೆ ಹೋಗುತ್ತವೆಂದು ಅವನು ಎಂದೂ ವಿಚಾರಿಸಿರಲಿಲ್ಲ.

ಮನೆಯಲ್ಲಿ ಹೆಂಡತಿ ಸುಮಂಗಲಾ ಕೂದಲು ಒಣಗಿಸುತ್ತಿದ್ದಳು.

‘ಇಷ್ಟ್ ಲಗೂ ಬಂದ್ರಿ?’

‘ದವಾಖಾನಿಗೆ ಹೋಗೂದೈತಿ. ಕೂಸಿಗೆ ಸೂಜಿ ಹಾಕಸಬೇಕಂತ.’

‘ಮೊನ್ನೇ ಹಾಕ್ಯಾರಲ್ರಿ.’

‘ಇನ್ನೊಂದ್ ಐತಂತ.’

ಬಾಣಂತನಕ್ಕೆಂದು ಸೇಡಂನಿಂದ ಬಂದಿದ್ದ ಅವನ ತಾಯಿ ಸೂಗಮ್ಮ ತೊಟ್ಟಿಲ ಮೇಲೆ ಕೈಯಿಟ್ಟಳು. ‘ಈಗರೆ ಮಲಗ್ಯಾಳ, ಎಬ್ಬಸಬ್ಯಾಡ. ಇಂಥಾ ಶಾಣ್ಯಾ ಕೂಸು ನಾ ಎಲ್ಲೂ ನೋಡಿಲ್ಲ. ಹಾಲಿಗೂ ನಾವೇ ಎಬ್ಬಸಬೇಕು. ನೀನೂ ಹಿಂಗೇ ಇದ್ದಿ ಚೇತನಾ, ಒಂದಿನಾನೂ ಅತ್ತು ಕಾಡಲಿಲ್ಲ.’

ಈ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದ. ಶಾಲೆಯಲ್ಲಿ, ಕಾರ್ಖಾನೆಯಲ್ಲಿ, ಹೆಣ್ಣು ನೋಡಲು ಹೋದಾಗ, ಎಲ್ಲ ಕಡೆಯೂ ಅವನ ಪರವಾಗಿ ಹೇಳುವುದಕ್ಕೆ ಅದೊಂದೇ ಇತ್ತು: ಹುಡುಗ ಭಾಳ ಶಾಂತ.

ಡಾಕ್ಟರ್ ನಳಿನಿ ಮಗುವನ್ನು ಮುಟ್ಟಿ ನೋಡಿದರು. ಹೊಟ್ಟೆ, ನಾಲಗೆ, ನೆತ್ತಿ.

‘ಅಳುವುದು ಕಡಿಮೆಯಾ?’

‘ಅಳುವುದೇ ಇಲ್ಲ ಮೇಡಂ,’ ಸುಮಂಗಲಾ ತನಗೆ ಬಂದಷ್ಟು ತೆಲುಗಿನಲ್ಲಿ, ಹೆಮ್ಮೆಯಿಂದ ಹೇಳಿದಳು. ‘ತುಂಬಾ ಒಳ್ಳೆಯ ಮಗು.’

ಡಾಕ್ಟರು ನಗಲಿಲ್ಲ. ಕುತ್ತಿಗೆಯಲ್ಲಿ ಥೈರಾಯ್ಡ್ ಎಂಬ ಸಣ್ಣ ಗ್ರಂಥಿ ಇರುತ್ತದೆ, ಈ ಮಗುವಿನಲ್ಲಿ ಅದು ಕೆಲಸ ಮಾಡುತ್ತಿರುವ ಹಾಗೆ ಕಾಣುವುದಿಲ್ಲ, ಬಹುಶಃ ಬೆಳೆದೇ ಇರಲಿಕ್ಕಿಲ್ಲ ಎಂದರು. ಅದರ ರಸವಿಲ್ಲದೆ ಮಿದುಳು ಬೆಳೆಯದು. ಇನ್ನೊಮ್ಮೆ ರಕ್ತ ತೆಗೆದು ಖಚಿತಪಡಿಸಿಕೊಳ್ಳುತ್ತೇವೆ. ಆದರೆ ಕಾಯುವುದು ಬೇಡ, ಮಾತ್ರೆ ಇವತ್ತೇ ಶುರು.

‘ಎಲ್ಲಿಯ ತನಕ?’ ಎಂದ ಚೇತನಕುಮಾರ.

‘ಬಹುಶಃ ಬದುಕಿರುವ ತನಕ.’

‘ಬುದ್ಧಿ?’

‘ಬೇಗ ಗೊತ್ತಾಯಿತಲ್ಲ. ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ.’

ಹೆಚ್ಚಿನ. ಆ ಶಬ್ದವನ್ನು ಹಿಡಿದು ಏನಾದರೂ ಕೇಳಬೇಕೆನಿಸಿತು.

ಸುಮಂಗಲಾ ಗಂಡನ ಕಡೆಗೆ ತಿರುಗಿದಳು. ‘ಅಕಿ ಅಳಲಾರದ್ದು ಶಾಣ್ಯಾತನ ಅಲ್ಲಂತೇನ್ರಿ?’

ಅವನು ಮಗುವಿನ ಮುಖವನ್ನೇ ನೋಡಿದ. ಇಷ್ಟು ದಿನ ಎಷ್ಟು ಜನ ಈ ಮುಖವನ್ನು ನೋಡಿದ್ದರು. ಮೂಗು ಅಜ್ಜಿಯದು, ಹಣೆ ಅಪ್ಪನದು ಎಂದು ಹಂಚಿಕೊಂಡಿದ್ದರು. ಯಾರಿಗೂ ಏನೂ ಕಂಡಿರಲಿಲ್ಲ. ಕಾಗದದ ಮೇಲೆ ಒಣಗಿದ ಒಂದು ಹನಿ ರಕ್ತ ಮಾತ್ರ, ಇವಳನ್ನು ಕಾಣದವರ ಕೈಯಲ್ಲಿ, ಇವಳ ಒಳಗಿನ ಮೌನವನ್ನೆಲ್ಲ ಹೇಳಿಬಿಟ್ಟಿತ್ತು. ಹೆದರಿಕೆಗಿಂತ ದೊಡ್ಡದೇನೋ ಅವನ ಎದೆಯಲ್ಲಿ ಎದ್ದು ನಿಂತಿತು. ತಳ ಕಾಣದ ಬಾವಿಯೊಳಗೆ ಮೊದಲ ಸಲ ಬಗ್ಗಿದ ಹಾಗೆ. ಈ ಕೂಸು ತನ್ನದು ಎಂದುಕೊಂಡಿದ್ದ. ಅವಳು ಯಾರೋ, ಅವನಿಗೆ ಗೊತ್ತೇ ಇರಲಿಲ್ಲ.

ನರ್ಸು ಮಗುವಿನ ಕೈಯಲ್ಲಿ ನರ ಹುಡುಕಿದಳು. ಸೂಜಿ ಒಳಹೋಯಿತು. ಮಗು ಕಣ್ಣು ತೆರೆಯಿತು, ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಎಲ್ಲರೂ ಕಾದರು. ಆಮೇಲೆ, ದೂರದಿಂದ ನಡೆದುಬಂದಂತೆ, ಒಡಕು ದನಿಯ ಅಳು ಬಂತು.

‘ಅಳವ್ವಾ,’ ಎಂದಳು ಸುಮಂಗಲಾ. ಅವಳ ಕೆನ್ನೆ ಒದ್ದೆಯಾಗಿತ್ತು. ‘ಅಳು, ಇನ್ನೂ ಅಳು, ಜೋರ್ ಅಳು.’

ಚೇತನಕುಮಾರ ಗೋಡೆಗೆ ಒರಗಿ ನಿಂತಿದ್ದ. ತನಗೂ ಅಳಬೇಕೆನಿಸುತ್ತಿದೆ ಎಂದು ಅವನಿಗೆ ತಿಳಿಯಿತು. ಅದನ್ನು ಶುರು ಮಾಡುವುದು ಎಲ್ಲಿಂದ ಎಂಬುದು ತಿಳಿಯಲಿಲ್ಲ.

ನರ್ಸು ಮಾತ್ರೆಯನ್ನು ಚಮಚದಲ್ಲಿ ಅರೆದು ಎದೆಹಾಲಿನಲ್ಲಿ ಕಲಸಿ ಕೊಟ್ಟಳು. ಸುಮಂಗಲಾ ಹನಿಹನಿಯಾಗಿ ಕುಡಿಸಿದಳು. ಅವನು ಬಗ್ಗಿ ನೋಡಿದ. ದಿನವೂ ರಾಶಿ ರಾಶಿ ಮಾತ್ರೆಗಳು ಅವನ ಕೈದಾಟಿ ಹೋಗುತ್ತಿದ್ದವು. ಒಂದು ಮಾತ್ರೆ ಒಂದು ಬಾಯಿಯನ್ನು ಸೇರುವುದನ್ನು ಅವನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಪುಟ್ಟ ಗಂಟಲು ಒಮ್ಮೆ ಅಲುಗಿತು. ಅಷ್ಟೆ. ಮುಂದಿನದೆಲ್ಲ ಅಷ್ಟನ್ನೇ ನೆಚ್ಚಿಕೊಂಡಿತ್ತು.

ಆಟೋ ಹತ್ತುವಾಗ ಸುಮಂಗಲಾ ಕೇಳಿದಳು, ‘ನಿಮಗ ಮೊದಲೇ ಗೊತ್ತಿತ್ತೇನ್ರಿ?’

‘ಪೂರ್ತಿ ಗೊತ್ತಿರ್ಲಿಲ್ಲ.’

‘ಸೂಜಿ ಅಂದ್ರಿ.’

‘ಸೂಜೀನೂ ಹಾಕಿದ್ರಲ್ಲ.’

ಅವಳು ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡು ಅವನಿಂದ ಒಂದಿಷ್ಟು ಸರಿದು ಕೂತಳು.

ಕತ್ತಲಾಗುತ್ತಿತ್ತು. ಮಾದಾಪುರದ ಸಿಗ್ನಲ್ಲಿನಲ್ಲಿ ವಾಹನಗಳು ನಿಂತವು. ಎಡಕ್ಕೆ ಹೊಸ ಗಾಜಿನ ಕಟ್ಟಡವೊಂದು ಬಂಡೆಗಳ ನಡುವೆ ಎದ್ದಿತ್ತು. ಅದರ ಎಲ್ಲ ಮಹಡಿಗಳಲ್ಲೂ ಒಮ್ಮೆಲೇ ದೀಪಗಳು ಹತ್ತಿಕೊಂಡವು. ಅವನು ತಲೆ ಹೊರಗೆ ಹಾಕಿ ತುದಿಯವರೆಗೆ ನೋಡಿದ. ಕುರ್ಚಿಗಳಿಲ್ಲ, ಮೇಜುಗಳಿಲ್ಲ. ಉದ್ದಕ್ಕೂ ಬರೀ ಬೆಳಕು.

‘ಇದು ಯಾವ ಕಂಪನಿ?’ ಎಂದು ಡ್ರೈವರನನ್ನು ಕೇಳಿದ.

‘ಅಭೀ ಕೋಯಿ ನಹೀ ಆಯಾ ಸಾಬ್. ಖಾಲೀ ಹೈ.’ ಒಳಗೆ ಇನ್ನೂ ಯಾರೂ ಬಂದಿಲ್ಲವಂತೆ.

‘ಇಲ್ನೋಡ್ರಿ,’ ಸುಮಂಗಲಾ ಸಿಟ್ಟು ಮರೆತು ಪಿಸುಗುಟ್ಟಿದಳು. ‘ಕಣ್ಣು ತೆರದಾಳ.’

ಅವನು ಬಗ್ಗಿದ. ಮಗುವಿನ ಎರಡೂ ಕಣ್ಣುಗಳಲ್ಲಿ, ಸಾಸಿವೆಗಿಂತ ಸಣ್ಣದಾಗಿ, ಆ ಕಟ್ಟಡ ಮಹಡಿ ಮಹಡಿಯಾಗಿ ಉರಿಯುತ್ತಿತ್ತು. ಒಳಗೆ ಯಾರಾದರೂ ಬಂದಿದ್ದಾರೆಯೇ ಎಂದು ಅವನು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದ.