ಎಣ್ಣೆಮನೆ, ಕರೆಂಟ್ ಮನೆ

ಗೇರ್‌ಬಾಕ್ಸ್ ಶೆಡ್ಡಿಗೂ ಆಟೋ ಎಲೆಕ್ಟ್ರಿಷಿಯನ್ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಯ ಒಂದು ಕಡೆ ಬೋಲ್ಟಕ್ಕನ ತವರು, ಇನ್ನೊಂದು ಕಡೆ ಗಂಡನ ಮನೆ. ಮದುವೆಯಾದಾಗ ಬೀದಿಯವರು, "ಮಗಳನ್ನ ಕಳಿಸಿಕೊಡೋಕೆ ಗಾಡಿನೂ ಬೇಕಾಗಲಿಲ್ಲ ನೋಡಿ, ಪಕ್ಕದವರಿಗೆ ಸ್ಪ್ಯಾನರ್ ಕೊಟ್ಟ ಹಾಗೆ ಕೊಟ್ಟುಬಿಟ್ರು" ಎಂದು ನಕ್ಕಿದ್ದರು. "ಸ್ಪ್ಯಾನರ್ ಆದ್ರೆ ಒಂದಿನ ವಾಪಸ್ ಕೇಳ್ತಾರೆ. ಇವಳನ್ನ ಕೇಳಿದ್ರೂ ನಾನು ಕೊಡಲ್ಲ" ಎಂದು ಅವಳ ಅತ್ತೆ ಅಲ್ಲೇ ಬಾಯಿ ಮುಚ್ಚಿಸಿದ್ದರು.

ಹಿಡಿದ ಪಟ್ಟು ಬಿಡದವಳು ಎಂದು ಬೀದಿಯಲ್ಲಿ ಅವಳಿಗೆ ಬೋಲ್ಟಕ್ಕ ಎಂಬ ಹೆಸರು ಬಿದ್ದಿತ್ತು. ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಕೆಲಸ ಕಲಿತದ್ದು ಅತ್ತೆಯಿಂದ. ಪಕ್ಕದಂಗಡಿಯಲ್ಲಿ ಅಪ್ಪ ವಾಹನಗಳ ವೈರಿಂಗ್ ಮಾಡುತ್ತಿದ್ದ. ಇಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಎತ್ತಿದ ಕೈ. ಆದರೆ ಬೀಗರಿಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

"ಎಣ್ಣೆ ಕೈಯಲ್ಲಿ ನನ್ನ ಮೀಟರ್ ಮುಟ್ಟಬೇಡಿ ಬೀಗಿತ್ತಿಯವರೇ" ಎಂದು ಅಪ್ಪ ಬಾಗಿಲಲ್ಲೇ ತಡೆಯುತ್ತಿದ್ದ.

"ಮುಟ್ಟಿ ಏನು ಮಾಡ್ಲಿ? ಕರೆಂಟು ಕಣ್ಣಿಗೇ ಕಾಣಲ್ಲ. ಕಾಣದ್ದನ್ನ ರಿಪೇರಿ ಮಾಡ್ತೀನಿ ಅನ್ನೋರನ್ನ ನಂಬೋದಾದ್ರೂ ಹೇಗೆ ಬೀಗರೇ?" ಎಂದು ಅತ್ತೆ ಚುಚ್ಚುತ್ತಿದ್ದರು.

ಇಬ್ಬರನ್ನೂ ಒಂದೇ ಗಾಡಿಯ ಕೆಳಗೆ ಮಲಗಿಸುವ ಕೆಲಸ ಬಂದದ್ದು ಬಸ್ಸಿನ ರೂಪದಲ್ಲಿ.

ಬೋಲ್ಟಕ್ಕನ ಗಂಡ ಸಿಟಿ ಬಸ್ ಚಾಲಕ. ಆಸ್ಪತ್ರೆಗೆ ಹೋಗುವ ಕಡಿದಾದ ಏರುರಸ್ತೆ ಅವನ ಮಾರ್ಗ. ಆ ಏರಿನ ನಟ್ಟನಡುವೆ ಒಂದು ಸಿಗ್ನಲ್ಲು. ಹೊಸ ಬಸ್ಸುಗಳಲ್ಲಿ ಡೀಸೆಲ್ ಉಳಿಸಲೆಂದು, ಬಸ್ಸು ನಿಂತ ಕೂಡಲೇ ಇಂಜಿನ್ ತಾನಾಗಿ ಆರಿ, ಬ್ರೇಕಿನಿಂದ ಕಾಲು ತೆಗೆದಾಗ ಮತ್ತೆ ಹೊತ್ತಿಕೊಳ್ಳುವ ಏರ್ಪಾಡು ಬಂದಿತ್ತು. ಉಪಾಯವೇನೋ ಚೆನ್ನ. ಆದರೆ ಗೇರ್‌ಬಾಕ್ಸಿನೊಳಗೆ ಎಣ್ಣೆ ತಳ್ಳುವ ಪಂಪು ತಿರುಗುವುದು ಇಂಜಿನ್ನಿನ ಬಲದಿಂದಲೇ. ಇಂಜಿನ್ ಆರಿದರೆ ಪಂಪೂ ನಿಂತು, ಎಣ್ಣೆಯ ಒತ್ತಡ ಇಳಿದು, ಕ್ಲಚ್ಚಿನ ಬಿಲ್ಲೆಗಳು ಹಿಡಿತ ಬಿಡುತ್ತಿದ್ದವು. ಮತ್ತೆ ಹೊರಡುವಾಗ ಬಸ್ಸು ಮೊದಲು ಒಂದು ಮೊಳ ಹಿಂದಕ್ಕೆ ಜಾರಿ, ಆಮೇಲೆ ಕೋಣ ಗುಮ್ಮಿದಂತೆ ಮುಂದಕ್ಕೆ ನುಗ್ಗುತ್ತಿತ್ತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು.

ಹಾಗೆ ಬಿದ್ದವರಲ್ಲಿ ಅತ್ತೆಯೂ ಒಬ್ಬರು. ಸೊಂಟ ಹಿಡಿದುಕೊಂಡು ಮನೆಗೆ ಬಂದವರೇ, "ಹೆತ್ತ ಮಗನೇ ನನ್ನನ್ನ ಬೀಳಿಸಿದ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು.

"ನಾನಲ್ಲಮ್ಮ, ಗೇರ್‌ಬಾಕ್ಸು!" ಎಂದ ಮಗ.

"ಗೇರ್‌ಬಾಕ್ಸನ್ನ ಬೈಬೇಡ. ಅದಕ್ಕೆ ಎಣ್ಣೆ ಸಿಗ್ತಿಲ್ಲ. ಹೊಟ್ಟೆಗಿಲ್ಲದೆ ಯಾರು ಕೆಲಸ ಮಾಡ್ತಾರೆ?"

ಈ ಮಾತು ಮಗನ ಬಾಯಿಂದ ಡಿಪೋ ಇಂಜಿನಿಯರ್ ಕಿವಿಗೆ ಬಿತ್ತು. ಆಕೆ ಕೆಲಸದಲ್ಲಿ ಚುರುಕು, ಮಾತು ನೇರ. ಮರುದಿನವೇ ಒಂದು ಪೆಟ್ಟಿಗೆ ಹಿಡಿದುಕೊಂಡು ಶೆಡ್ಡಿಗೆ ಬಂದರು. ಒಳಗೆ ತೆಂಗಿನಕಾಯಿ ಗಾತ್ರದ ಒಂದು ಪಂಪು, ಹಿಂದುಗಡೆ ಮೋಟಾರು, ಮೋಟಾರಿಗೊಂದು ವೈರಿನ ಬಾಲ.

"ಇದು ಕರೆಂಟಿನಿಂದ ತಿರುಗೋ ಎಣ್ಣೆ ಪಂಪು. ಇಂಜಿನ್ ಆರಿದ್ರೂ ಇದು ನಿಲ್ಲಲ್ಲ" ಎಂದರು ಇಂಜಿನಿಯರ್. "ಕಂಪನಿಯವರು ಬೇರೆ ಮಾದರಿ ಗೇರ್‌ಬಾಕ್ಸಿಗೆ ಅಂತ ಮಾಡಿರೋದು. ನಮ್ಮದಕ್ಕೆ ಎಷ್ಟು ಒತ್ತಡ ಬೇಕು ಅಂತ ನಾನು ಲೆಕ್ಕ ಹಾಕಿದ್ದೀನಿ, ಸಾಕಾಗುತ್ತೆ. ಆದ್ರೆ ಎಲ್ಲಿ ಕೂರಿಸೋದು, ಹೇಗೆ ಕೂರಿಸೋದು, ಅದನ್ನ ನೀವು ಹೇಳಬೇಕು. ಒಂದು ಬಸ್ಸು ಕೊಡ್ತೀನಿ. ಗೆದ್ರೆ ಆ ಮಾರ್ಗದ ಬಸ್ಸುಗಳೆಲ್ಲ ನಿಮ್ಮ ಕೈಗೆ."

ಬೋಲ್ಟಕ್ಕ ಪಂಪನ್ನು ಕೈಗೆತ್ತಿಕೊಂಡಳು. ಅಂಗೈಯಲ್ಲಿ ತಣ್ಣಗೆ, ಭಾರವಾಗಿ ಕುಳಿತಿತು. ಬಿಚ್ಚಿದ್ದನ್ನು ಮತ್ತೆ ಇದ್ದ ಹಾಗೆ ಕಟ್ಟುವುದೇ ಇಷ್ಟು ವರ್ಷದ ಕೆಲಸ. ಇಲ್ಲದ್ದನ್ನು ಸೇರಿಸುವ ಕೆಲಸ ಇದೇ ಮೊದಲು.

"ಅತ್ತೆ, ಇದರ ಅರ್ಧ ನಮ್ಮದು, ಅರ್ಧ ಅಪ್ಪಂದು" ಎಂದಳು.

ಅತ್ತೆ ಪಂಪಿನ ಬಾಲ ನೋಡಿದರು, ಗೋಡೆ ನೋಡಿದರು, ನಿಟ್ಟುಸಿರು ಬಿಟ್ಟರು. "ಕರಿ ಬೀಗರನ್ನ. ಕೈ ತೊಳ್ಕೊಂಡೇ ಇರ್ತೀನಿ."

ಬಸ್ಸು ಶೆಡ್ಡಿಗೆ ಬಂದು, ಗಾಡಿಯ ಅಡಿಗಿಳಿದು ಕೆಲಸ ಮಾಡಲೆಂದು ತೋಡಿದ್ದ ಗುಂಡಿಯ ಮೇಲೆ ನಿಂತಿತು. ಎಲ್ಲಿ ಕೂರಿಸುವುದು ಎಂಬಲ್ಲೇ ಜಗಳ ಶುರುವಾದೀತೆಂದು ಬೋಲ್ಟಕ್ಕ ಎಣಿಸಿದ್ದಳು. ಗೇರ್‌ಬಾಕ್ಸಿನ ಮುಂಭಾಗವೇ ಸರಿ ಎಂದ ಅಪ್ಪ. "ಬ್ಯಾಟರಿಯ ವೈರು ಹತ್ತಿರ. ಹಿಂದುಗಡೆ ಸೈಲೆನ್ಸರ್ ಪೈಪ್ ಕೆಂಡದ ಹಾಗೆ ಕಾಯುತ್ತೆ, ನನ್ನ ವೈರು ಕರಗಿಹೋಗುತ್ತೆ." ಅತ್ತೆಯೂ ಆಶ್ಚರ್ಯವೆಂಬಂತೆ ಹೂಂ ಎಂದರು. ಎಣ್ಣೆ ಇಳಿಸುವ ತೂತು ಮುಂಭಾಗದಲ್ಲೇ ಇತ್ತು. ಅಲ್ಲಿಂದಲೇ ಎಣ್ಣೆ ಎಳೆದುಕೊಂಡರೆ ಹೊಸ ತೂತು ಕೊರೆಯಬೇಕಾಗಿಲ್ಲ.

ಬೋಲ್ಟಕ್ಕ ಕಬ್ಬಿಣದ ಪಟ್ಟಿ ಬಗ್ಗಿಸಿ ಹಿಡಿಕೆ ಮಾಡಿದಳು. ಕಂಪನ ತಾಗದಿರಲೆಂದು ನಡುವೆ ರಬ್ಬರ್ ಬುಷ್ ಕೊಟ್ಟಳು. ಹೊಸ ರಬ್ಬರ್ ರಿಂಗಿಗೆ ಬೆರಳಲ್ಲಿ ಎಣ್ಣೆ ಸವರಿ ಪಂಪಿನ ಬಾಯಿಯ ತೋಡಿನಲ್ಲಿ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಒಂದೊಂದೇ ಸುತ್ತು ಬಿಗಿದಳು. ಒಂದು ಕಡೆಯದ್ದನ್ನೇ ಮೊದಲು ಬಿಗಿದರೆ ರಿಂಗು ಸೊಟ್ಟಗಾಗಿ ಎಣ್ಣೆ ಸೋರುತ್ತದೆ. ಒಣ ಪಂಪು ತಿರುಗಿದರೆ ಒಳಗಿನ ಹಲ್ಲು ಸವೆಯುತ್ತದೆಂದು ಮೊದಲೇ ಅದರ ಹೊಟ್ಟೆಗೆ ಎಣ್ಣೆ ತುಂಬಿದಳು. ಅಪ್ಪ ವೈರಿನ ಕೊಂಡಿ ಸಿಕ್ಕಿಸಿದ. ಟಕ್ ಎಂದಿತು.

ಇಂಜಿನ್ ಆರಿಸಿದರು. ಪಂಪು ಜೇನುಹುಳುವಿನ ಹಾಗೆ ಗುಂಯ್‌ಗುಟ್ಟಿತು. ಒತ್ತಡದ ಗೇಜಿನ ಮುಳ್ಳು ನೆಟ್ಟಗೆ ನಿಂತಿತು. ಅಪ್ಪ ಕುಣಿದೇಬಿಟ್ಟ. ಅತ್ತೆ, "ಪರವಾಗಿಲ್ಲ, ಕಾಣದಿದ್ರೂ ಕೆಲಸ ಮಾಡುತ್ತೆ ನಿಮ್ಮ ಕರೆಂಟು" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ.

ಮರುದಿನ ಬೆಳಗ್ಗೆ, ಇಂಜಿನಿಯರಿಗೆ ತೋರಿಸುವ ಮೊದಲು ತಾವೇ ಒಮ್ಮೆ ನೋಡೋಣವೆಂದು ಖಾಲಿ ಬಸ್ಸನ್ನು ಏರಿಗೆ ಒಯ್ದರು. ಗಂಡ ಚಕ್ರದ ಹಿಂದೆ, ಉಳಿದ ಮೂವರು ಗೇಜಿನ ಸುತ್ತ. ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಇಂಜಿನ್ ಆರಿತು. ಪಂಪು ಗುಂಯ್ ಎಂದಿತು. ಮರುಗಳಿಗೆಯಲ್ಲೇ ಆ ಸದ್ದು ಕರ್ರ್ ಎಂದು ಕರ್ಕಶವಾಯಿತು, ಗೇಜಿನ ಮುಳ್ಳು ಕುಡಿದವನ ಹಾಗೆ ತೂರಾಡಿ ನೆಲಕಚ್ಚಿತು. ಹಸಿರು ಬಿದ್ದಾಗ ಬಸ್ಸು ಹಿಂದಕ್ಕೆ ಜಾರಿತು, ಮತ್ತೆ ಗುಮ್ಮಿತು. ಅಪ್ಪನ ಕನ್ನಡಕ ಮೂಗಿನಿಂದ ಹಾರಿತು.

"ನನ್ನ ಕರೆಂಟು ಸರಿಯಾಗೇ ಬರ್ತಿದೆ!" ಎಂದು ಅಪ್ಪ ಮೀಟರ್ ತೋರಿಸಿದ.

"ನನ್ನ ಕಡೆ ಒಂದು ಹನಿ ಸೋರಿಲ್ಲ!" ಎಂದರು ಅತ್ತೆ.

"ಶೆಡ್ಡಲ್ಲಿ ಕೆಲಸ ಮಾಡಿದ್ದು ಇಲ್ಲಿ ಯಾಕೆ ಮಾಡಲ್ಲ? ಎಲ್ಲಾ ನಿಮ್ಮ ಎಣ್ಣೆಯದೇ ಕರಾಮತ್ತು!"

"ಎಣ್ಣೆಗೇನು ಗೊತ್ತು ಶೆಡ್ಡು ಯಾವುದು, ರಸ್ತೆ ಯಾವುದು?"

ದಾರಿಯುದ್ದಕ್ಕೂ ಇದೇ ರಾಮಾಯಣ. ಬೋಲ್ಟಕ್ಕ ಶೆಡ್ಡಿಗೆ ಬಂದವಳೇ ಗುಂಡಿಗಿಳಿದು ಎಣ್ಣೆಯನ್ನೆಲ್ಲ ಅಗಲವಾದ ತಟ್ಟೆಗೆ ಇಳಿಸಿದಳು. ತಟ್ಟೆ ಎತ್ತಿಕೊಂಡು ಗುಂಡಿಯ ಮೆಟ್ಟಿಲು ಹತ್ತುವಾಗ, ಚೆಲ್ಲದಿರಲೆಂದು ಎಣ್ಣೆಯ ಮೇಲೇ ಕಣ್ಣಿಟ್ಟಿದ್ದಳು. ಒಂದು ಮೆಟ್ಟಿಲ ಮೇಲೆ ತಟ್ಟೆಯ ಮುಂಭಾಗ ಮೇಲಾಯಿತು. ಎಣ್ಣೆಯೆಲ್ಲ ಅವಳ ಎದೆಯ ಕಡೆಗೆ ಸರಿಯಿತು. ಆಚೆ ಬದಿಯಲ್ಲಿ ತಟ್ಟೆಯ ತಳ ಬರಿದಾಗಿ ಹೊಳೆಯಿತು.

ಅವಳು ಅಲ್ಲೇ ನಿಂತುಬಿಟ್ಟಳು.

"ಅತ್ತೆ! ಅಪ್ಪ! ಬನ್ನಿ ಇಲ್ಲಿ, ಓಡಿಬನ್ನಿ!"

ಏನಾಯಿತೋ ಎಂದು ಇಬ್ಬರೂ ಬಿದ್ದಂಬೀಳ ಬಂದರು. ಅವಳು ತಟ್ಟೆಯನ್ನು ಮತ್ತೊಮ್ಮೆ ಓರೆ ಮಾಡಿದಳು. "ಎಣ್ಣೆಗೆ ಶೆಡ್ಡೂ ಗೊತ್ತಿಲ್ಲ, ರಸ್ತೆನೂ ಗೊತ್ತಿಲ್ಲ, ನಿಜ. ಆದ್ರೆ ಏರು ಗೊತ್ತು! ಬಸ್ಸು ಮೂತಿ ಮೇಲೆತ್ತಿ ನಿಂತಾಗ ಎಣ್ಣೆಯೆಲ್ಲ ಹಿಂದಕ್ಕೆ ಹೋಗುತ್ತೆ. ನಾವು ಎಳೀತಿರೋದು ಮುಂದಿನಿಂದ. ಪಂಪು ಬರೀ ಗಾಳಿ ಕುಡೀತಿದೆ!"

ಅತ್ತೆ ಹಣೆ ಚಚ್ಚಿಕೊಂಡರು. ಅಪ್ಪ ತಟ್ಟೆಯನ್ನೇ ನೋಡುತ್ತ, "ಹಾಗಾದ್ರೆ ಹಿಂದಕ್ಕೆ ಹಾಕಬೇಕು. ಅಲ್ಲಿ ಸೈಲೆನ್ಸರ್ ಪೈಪ್" ಎಂದು ಗೊಣಗಿದ.

"ಪೈಪು ಬಲಗಡೆ. ನಾವು ಎಡಗಡೆ ಮೂಲೆಗೆ ಹಾಕೋಣ."

"ಎಡಗಡೆ ತೂತೇ ಇಲ್ಲವಲ್ಲೇ" ಎಂದರು ಅತ್ತೆ.

"ಕೊರೆಯೋದು."

 ಗೇರ್‌ಬಾಕ್ಸಿನ ತಳದ ತಗಡು ಎಣ್ಣೆಯ ತೊಟ್ಟಿಯಿದ್ದಂತೆ. ಗಟ್ಟಿಮುಟ್ಟಾದ ತೊಟ್ಟಿಗೆ ಕೈಯಾರೆ ತೂತು ಕೊರೆಯುವುದೆಂದರೆ ಆಟವಲ್ಲ. ಬೋಲ್ಟಕ್ಕ ಇಂಜಿನಿಯರಿಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಕೇಳಿದ ಆಕೆ ಆ ಕಡೆಯಿಂದ ಒಮ್ಮೆಲೇ ನಕ್ಕರು. "ಏರಿನ ಲೆಕ್ಕ ನನಗೂ ಹೊಳೀಲಿಲ್ಲ ನೋಡಿ! ಕೊರೀರಿ. ನನ್ನ ಮಾತಿನ ಮೇಲೆ ಕೊರೀರಿ. ನಾಳೆ ನಾನೇ ಬರ್ತೀನಿ."

ಆಮೇಲಿನ ಕೆಲಸಕ್ಕೆ ಕೈಗಳು ತಾವಾಗಿಯೇ ಓಡಿದವು. ಬೋಲ್ಟಕ್ಕ ತಗಡು ಬಿಚ್ಚಿ ಎಡಮೂಲೆಯಲ್ಲಿ ಗುರುತು ಹಾಕಿ ಕೊರೆದಳು. ಅತ್ತೆ ಮುಖಕ್ಕೆ ಕವಚ ಹಾಕಿಕೊಂಡು, ಕೂದಲೆಳೆಯಷ್ಟೂ ಸಂದಿಲ್ಲದಂತೆ ಆ ತೂತಿಗೊಂದು ಕೊಳವೆಬಾಯಿ ಬೆಸೆದರು. ಸೊಂಟದ ನೋವು ಎಲ್ಲಿಗೆ ಹೋಗಿತ್ತೋ! ಅಪ್ಪ ಗಾಡಿಯಡಿ ಮಲಗಿ, ಬಿಸಿ ತಡೆಯುವ ತೋಳು ತೊಡಿಸಿದ ವೈರನ್ನು ಬಸ್ಸಿನ ಎಡಬದಿಯುದ್ದಕ್ಕೂ ಎಳೆದು ತಂದ. ವೈರನ್ನು ಬಿಗಿಯಲು ಅವನಿಗೊಂದು ಕ್ಲಿಪ್ಪು ಬೇಕಿತ್ತು. ಕೈ ಚಾಚಿದ. ಕೇಳುವ ಮೊದಲೇ ಅತ್ತೆ ಅದನ್ನು ಅಂಗೈಯಲ್ಲಿಟ್ಟರು. ಅದಕ್ಕೆ ಎಣ್ಣೆ ಮೆತ್ತಿತ್ತು. ಅಪ್ಪ ನೋಡಿದ, ಏನೋ ಹೇಳಲು ಬಾಯಿ ತೆರೆದ, ತನ್ನ ಅಂಗಿಗೇ ಒರೆಸಿಕೊಂಡು ಬಿಗಿದ. ಬೋಲ್ಟಕ್ಕ ನಗು ತಡೆಯಲು ಆ ಕಡೆ ತಿರುಗಿದಳು.

ಮರುದಿನ ಇಂಜಿನಿಯರ್ ಬಂದರು. ಅತ್ತೆ ಎಲ್ಲರಿಗಿಂತ ಮೊದಲೇ ಬಸ್ಸು ಹತ್ತಿ, ಸೀಟುಗಳ ನಡುವಿನ ದಾರಿಯಲ್ಲಿ ನಿಂತು, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡರು.

"ಕಂಬಿ ಹಿಡ್ಕೊಳ್ಳಿ ಅತ್ತೆ!"

"ಹಿಡ್ಕೊಂಡ್ರೆ ಅದೆಂಥ ಪರೀಕ್ಷೆ? ಬೀಳೋದಾದ್ರೆ ಬೀಳ್ತೀನಿ. ದಾರಿ ಅಭ್ಯಾಸ ಆಗಿದೆ."

ಬಸ್ಸು ಏರು ಹತ್ತಿತು. ಸಿಗ್ನಲ್ಲಿಗೆ ಬರುವುದಕ್ಕೂ ಕೆಂಪು ಬೀಳುವುದಕ್ಕೂ ಸರಿಹೋಯಿತು. ಇಂಜಿನ್ ಆರಿತು. ಬೋಲ್ಟಕ್ಕ ಕಿವಿಗೊಟ್ಟಳು. ಗುಂಯ್... ಸದ್ದು ಒಡೆಯಲಿಲ್ಲ. ಗೇಜಿನ ಮುಳ್ಳು ನೆಟ್ಟಗೇ ಇತ್ತು. ಇನ್ನೇನು ಹಸಿರು ಬೀಳಬೇಕು, ಅಷ್ಟರಲ್ಲಿ ಹಿಂದಿನಿಂದ ಗಂಟೆ ಬಾರಿಸುತ್ತ ಫೈರ್ ಎಂಜಿನ್ ಬಂತು. ಪೊಲೀಸಿನವರು ರಸ್ತೆಗಿಳಿದು ಎಲ್ಲ ವಾಹನಗಳನ್ನೂ ಕೈಯೊಡ್ಡಿ ತಡೆದರು. ಒಂದು ಹೋಯಿತು, ಹಿಂದೆಯೇ ಇನ್ನೊಂದು. ಹಸಿರು ಬಂದು ಹೋಗಿ ಮತ್ತೆ ಕೆಂಪಾಯಿತು.

ಇಷ್ಟು ಹೊತ್ತು ಪಂಪು ಒಂದೇ ಸಮನೆ ಓಡಬೇಕಾದೀತೆಂದು ಯಾರೂ ಎಣಿಸಿರಲಿಲ್ಲ. ಅಪ್ಪ ತೊಡೆಯ ಮೇಲಿದ್ದ ಮೀಟರಿನಲ್ಲಿ ಬ್ಯಾಟರಿಯ ಅಂಕಿ ಇಳಿಯುವುದನ್ನೇ ನೋಡುತ್ತಿದ್ದ. ಹಣೆಯಿಂದ ಬೆವರು ಮೀಟರಿನ ಮೇಲೆ ತೊಟ್ಟಿಕ್ಕಿತು.

"ಇಳೀತಿದೆ" ಎಂದು ಪಿಸುಗುಟ್ಟಿದ.

"ತಡ್ಕೊಳ್ಳುತ್ತಾ ಅಪ್ಪ?"

"ತಡ್ಕೋಬೇಕು. ವೈರು ನಂದು."

ಇಂಜಿನಿಯರ್ ಗೇಜಿನಿಂದ ಕಣ್ಣು ಕೀಳಲಿಲ್ಲ. ಗಂಡ ಬ್ರೇಕಿನ ಮೇಲಿನ ಕಾಲು ಅಲುಗಿಸಲಿಲ್ಲ. ಬೋಲ್ಟಕ್ಕನಿಗೆ ತನ್ನ ಎದೆ ಹೊಡೆದುಕೊಳ್ಳುವುದೂ ಪಂಪಿನ ಸದ್ದೂ ಬೇರೆ ಬೇರೆಯಾಗಿ ಕೇಳಿಸದಾಯಿತು. ಕೊನೆಗೆ ಪೊಲೀಸಿನವರು ಪಕ್ಕಕ್ಕೆ ಸರಿದರು. ಹಸಿರು.

ಗಂಡ ಬ್ರೇಕಿನಿಂದ ಕಾಲು ತೆಗೆದ.

ಜಾರಲಿಲ್ಲ. ಗುಮ್ಮಲಿಲ್ಲ. ಸ್ವಲ್ಪ ಹೊತ್ತು ಕಳೆದ ಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಇದ್ದ ಅತ್ತೆ ರೇಗಿದರು: "ಯಾವಾಗ ಹೊರಡ್ತೀಯೋ? ನಿಂತು ನಿಂತು ಕಾಲು ಸೋತುಹೋಯ್ತು!"

"ಅಮ್ಮಾ, ಹೊರಟು ಆಗಿದೆ! ಕಿಟಕಿ ನೋಡು!"

ಅತ್ತೆ ಕಿಟಕಿಯತ್ತ ತಿರುಗಿದರು. ಅಂಗಡಿಗಳು, ಮರಗಳು, ಅಂಚೆಪೆಟ್ಟಿಗೆ ಎಲ್ಲ ಹಿಂದಕ್ಕೆ ಸರಿಯುತ್ತಿದ್ದವು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಸ್ಸು ಏರು ಹತ್ತುತ್ತಿತ್ತು. "ಅಯ್ಯೋ ನನ್ನ ಬಂಗಾರ!" ಎಂದವರೇ ಸೊಸೆಯನ್ನು ಬಾಚಿ ತಬ್ಬಿಕೊಂಡರು. ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಬೆವರು, ಬೆವರು" ಎಂದ. ಇಂಜಿನಿಯರ್ ಚಪ್ಪಾಳೆ ತಟ್ಟಿ, "ಇನ್ನೊಂದು ಸಲ! ಈ ಸಲ ನಾನು ನಿಂತ್ಕೋತೀನಿ, ಕಂಬಿ ಹಿಡಿಯದೆ!" ಎಂದು ಕೂಗಿದರು.

ಬಸ್ಸು ತಿರುಗಿ ಇಳಿಯಿತು, ಮತ್ತೆ ಹತ್ತಿತು, ಮತ್ತೆ ಇಳಿಯಿತು. ಆ ಬೆಳಗ್ಗೆಯೆಲ್ಲ ಅದೇ ಆಟ. ನಿಲ್ದಾಣದಲ್ಲಿ ಕಾಯುತ್ತಿದ್ದವರು, ಜನರನ್ನು ಹತ್ತಿಸಿಕೊಳ್ಳದೆ ಸುತ್ತುತ್ತಿದ್ದ ಆ ಬಸ್ಸಿನೊಳಗೆ ಎಲ್ಲರೂ ಸೀಟು ಬಿಟ್ಟು ಕೈಬಿಟ್ಟುಕೊಂಡು ನಿಂತು ನಗುತ್ತಿದ್ದುದನ್ನು ಕಂಡು ಬೆರಗಾದರು.

ಇಂಜಿನಿಯರ್ ಕೊಟ್ಟ ಮಾತು ತಪ್ಪಲಿಲ್ಲ. ಆ ವಾರವೇ ಎರಡನೆಯ ಬಸ್ಸು ಶೆಡ್ಡಿನ ಬಾಗಿಲಿಗೆ ಬಂತು. ಅದರ ಹಿಂದೆ ಮೂರನೆಯದು ಬೀದಿಗೆ ಅಡ್ಡವಾಗಿ ನಿಂತು ತರಕಾರಿ ಗಾಡಿಯವಳ ಬೈಗುಳ ತಿನ್ನುತ್ತಿತ್ತು. ಅಪ್ಪ ತನ್ನ ಮೀಟರನ್ನೂ ಉಪಕರಣದ ಪೆಟ್ಟಿಗೆಯನ್ನೂ ಹೊತ್ತು ತಂದು, ಹೇಳದೆ ಕೇಳದೆ ಶೆಡ್ಡಿನ ಮೇಜಿನ ಅರ್ಧ ಜಾಗ ಹಿಡಿದ. ಅತ್ತೆ ಹುಬ್ಬೇರಿಸಿದರು.

"ಮೊದಲು ವೈರು ಎಳೆದುಬಿಡ್ತೀನಿ" ಎಂದ ಅಪ್ಪ.

"ಮೊದಲು ತೂತು ಬೀಗರೇ. ತೂತಿಲ್ಲದೆ ನಿಮ್ಮ ವೈರು ಎಲ್ಲಿಗೆ ಹೋಗುತ್ತೆ, ಮಾವನ ಮನೆಗಾ?"

"ನೀವು ಬೆಸೆಯೋ ಕಿಡಿ ನನ್ನ ವೈರಿನ ಮೇಲೆ ಬೀಳೋ ಹಾಗಿದ್ರೆ—"

"ಬಿದ್ರೆ ಬೀಳಲಿ, ನಿಮ್ಮ ವೈರು ಅಷ್ಟು ಸೂಕ್ಷ್ಮನಾ?"

ಜಗಳ ಮುಗಿಯುವ ಲಕ್ಷಣ ಕಾಣಲಿಲ್ಲ. ಬೋಲ್ಟಕ್ಕ ಸೆರಗು ಬಿಗಿದಳು, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡಳು, ಕೊರೆಯುವ ಯಂತ್ರವನ್ನು ಎತ್ತಿಕೊಂಡು ಗುಂಡಿಗಿಳಿದಳು. ಮೇಲೆ ಬೀಗರ ದನಿ ಏರುತ್ತಿದ್ದಂತೆಯೇ ಕೆಳಗೆ ಬಿಚ್ಚಿಟ್ಟ ತಗಡಿನ ಎಡಮೂಲೆಯಿಂದ ಬೆಳ್ಳಗಿನ ಸುರುಳಿ ಪುಡಿ ಉದುರತೊಡಗಿತು.